ಕಪ್ಪು ಕಂಠದ ಮಡಕೆ

ಮುದುಕಿ ಕಪ್ಪು ಕಂಠದ ಕೆಂಪು ಮಡಕೆಯನ್ನು ಎತ್ತಿಕೊಂಡು ಬೆರಳ ಗೆಣ್ಣಿನಿಂದ ಬಡಿದಳು. ಕಂಚಿನಂತೆ ನಾದ ಬಂತು. ಫ್ರೇಸರ್‌ಪೇಟೆ ಸಂತೆಯಲ್ಲಿ ಅಂಗಡಿ ಹಾಕಿದ ಮೊದಲ ದಿನ, ಮೊದಲ ಗಿರಾಕಿ. ಕುಂಬಾರ ಚಿಕ್ಕಶೆಟ್ಟಿ ಅವಳ ಮುಖವನ್ನೇ ನೋಡುತ್ತ ನಿಂತ.

"ಇಂಥಾ ಮಡಕೆ ಮಾಡೋದು ಎಲ್ಲಿ ಕಲ್ತೆ ಮಗ?"

"ಹಾಸನದ ಕಡೆಯಿಂದ ಬಂದು ಇಲ್ಲಿ ಹೊಲ ಅಗೀತಿದ್ದೆ ಕಣವ್ವ. ಚಪ್ಪಡಿ ಕಲ್ಲಿನ ಕೆಳಗೆ ಇಂಥದೇ ಹಳೇ ಮಡಕೆ ಸಿಕ್ತು. ಎಂಥಾ ಕೈ ಅಂತೀಯ! ನಾನೂ ನನ್ ಹೆಂಡ್ರೂ ಅದನ್ನೇ ನೋಡ್ಕಂಡು ನಲವತ್ತು ಮಾಡಿದೀವಿ. ಇನ್ಮೇಲೆ ಇಂಥವೇ ಮಾಡಿ ಮಾರ್ತೀವಿ."

"ಅದ್ರೊಳಗೆ ಏನಿತ್ತು?"

"ಏನಿಲ್ಲ. ಒಂದಿಷ್ಟು ಬೂದಿ, ಕೆಂಪು ಮಣಿ, ಸುಟ್ಟ ಮೂಳೆ ಚೂರು. ಯಾರೋ ಕೋಳಿ ಸುಟ್ಟಿರಬೇಕು."

ಮುದುಕಿ ಮಡಕೆಯನ್ನು ಮೆಲ್ಲಗೆ ಕೆಳಗಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಕೋಳೀದಲ್ಲ ಮಗ. ಹಿಂದಿನೋರು ಸತ್ತೋರ ಮೂಳೆ ಇಡ್ತಿದ್ದ ಮಡಕೆ ಅದು. ಇದ್ರಲ್ಲಿ ಯಾರು ನೀರು ಕುಡೀತಾರೆ?"

ಅವಳ ಹಿಂದೆ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಸರಿದುಹೋದರು. ಚಿಕ್ಕಶೆಟ್ಟಿ ಏನೋ ಹೇಳಲು ಹೆಂಡತಿಯತ್ತ ತಿರುಗಿದ. ಸಿದ್ದಮ್ಮನಿಗೆ ಕೇಳುವ ವ್ಯವಧಾನವಿರಲಿಲ್ಲ. ಅವಳು ಪುಟ್ಟ ಮಗಳ ಕೊರಳಿಗೆ ಕೈಹಾಕಿದ್ದಳು. ಆ ಕೆಂಪು ಮಣಿಗಳನ್ನು ಪೋಣಿಸಿ, ಎಲ್ಲಿ ಕಳೆದುಕೊಂಡುಬಿಡುತ್ತಾಳೋ ಎಂದು ತಾನೇ ಮೂರು ಸುತ್ತು ಬಿಗಿದಿದ್ದ ಗಂಟು, ಈಗ ಅವಳ ಉಗುರಿಗೆ ಸಿಗುತ್ತಲೇ ಇರಲಿಲ್ಲ.