ಮೃತ್ಯುಪತ್ರದ ಮಂದಾಕಿನಿ

ಗಂಡನ ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಪದ್ದಕ್ಕ ನಾದಿನಿಯನ್ನು ಕರೆದುಕೊಂಡು ವಕೀಲರ ಬಳಿ ಹೋದಳು. ಮನೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ಗಂಡ ಕೈಯಾರೆ ಬರೆದಿಟ್ಟಿದ್ದ ಮೃತ್ಯುಪತ್ರವನ್ನು ಓದಿದ ವಕೀಲರು ಕನ್ನಡಕ ತೆಗೆದು ಸುಮ್ಮನೆ ಒರೆಸತೊಡಗಿದರು.

“ಅಕ್ಕಾರ, ಇದರಾಗ ಮನಿ ‘ನನ್ನ ಹೆಂಡತಿ ಮಂದಾಕಿನಿಗೆ’ ಅಂತ ಬರದಾರ. ನಿಮ್ಮ ಆಧಾರ್ ಕಾರ್ಡಿನಾಗ ಪದ್ಮಾವತಿ ಅಂತ ಅದ. ಈ ಮಂದಾಕಿನಿ ಯಾರು?”

ಹದಿಮೂರು ದಿನ ಅತ್ತಿದ್ದ ಪದ್ದಕ್ಕನ ಕಣ್ಣು ಒಮ್ಮೆಲೇ ಒಣಗಿತು.

“ನಲವತ್ತು ವರ್ಷ ನನ್ನ ‘ಏ, ಕೇಳಿಲ್ಲೆ’ ಅಂತನ ಕರದ್ರು. ಒಂದು ದಿನಾನೂ ಹೆಸರು ಹಿಡದು ಕರೀಲಿಲ್ಲ. ಆಕಿ ಹೆಸರು ಮಾತ್ರ ಎಷ್ಟು ದುಂಡಗ ಬರದಾರ ನೋಡ್ರಿ. ಬರಲಿ ಆಕಿ. ನನ್ನ ಮನಿ ಹೊಸ್ತಿಲಾ ಹೆಂಗ ದಾಟತಾಳೋ ನಾನೂ ನೋಡತೀನಿ.”

ನಾದಿನಿ ಕಾಗದವನ್ನು ಇಸಿದುಕೊಂಡು ಅಣ್ಣನ ಅಕ್ಷರವನ್ನು ಒಮ್ಮೆ ನೋಡಿದಳು.

“ಆಕಿ ದಾಟಿ ನಲವತ್ತು ವರ್ಷ ಆತು ವೈನಿ. ಮದುವಿ ದಿನ ಅಣ್ಣ ಅಕ್ಕಿ ತಾಟಿನಾಗ ಉಂಗುರದಿಂದ ಬರದು ನಿಮಗಿಟ್ಟ ಹೆಸರು ಅದು.”