ನಾಲ್ಕನೇ ವಾರದ ತಂಡ

“ಇಲ್ನೋಡಿ ಸರ್. ಗುಡ್ಡದ ಕಾಲೇಜಿನ ಹುಡುಗಿಯರಿಗೆ ಮೂವತ್ತೆಂಟು ಸೆಂಟಿಮೀಟರು. ಉಳಿದ ನಾಲ್ಕು ಕಾಲೇಜಿಗೆ ಎಲ್ಲಾ ಸೇರಿ ಒಂಬತ್ತು.”

ಬಂದವನು ಪತ್ರಿಕೆಯ ಮೇಲಿಟ್ಟ ಅಳತೆಪಟ್ಟಿಯನ್ನು ತೆಗೆಯಲಿಲ್ಲ. ಕ್ರೀಡಾಪುಟದ ಸಂಪಾದಕ ಚಹಾದ ಲೋಟ ಪಕ್ಕಕ್ಕಿಟ್ಟು ಬಗ್ಗಿ ನೋಡಿದ. ಅಳತೆ ಸರಿಯಾಗಿತ್ತು. ಮೂರು ತಿಂಗಳ ವಾಲಿಬಾಲ್ ಸುದ್ದಿಯನ್ನೆಲ್ಲ ಆತ ಕತ್ತರಿಸಿ, ತಾರೀಖು ಬರೆದು, ಕಡತ ಮಾಡಿಕೊಂಡು ತಂದಿದ್ದ. ಇಪ್ಪತ್ತೆರಡು ವರ್ಷದಲ್ಲಿ ಬೈಗುಳದ ಪತ್ರಗಳು ಬೇಕಾದಷ್ಟು ಬಂದಿದ್ದವು. ಹೀಗೆ ಲೆಕ್ಕ ಹಾಕಿ ಬಾಯಿ ಮುಚ್ಚಿಸಿದವನು ಇವನೇ ಮೊದಲು.

“ಗುಡ್ಡದ ಕಾಲೇಜಿನವರಿಗೆ ಹೆಸರು, ಫೋಟೊ. ಉಳಿದವರಿಗೆ ಬರೀ ನಂಬರು. ‘ಏಳನೇ ನಂಬರಿನ ಆಟಗಾರ್ತಿ ಗಮನ ಸೆಳೆದಳು.’ ಆ ಏಳನೇ ನಂಬರಿಗೆ ಅಪ್ಪ ಅಮ್ಮ ಇಲ್ವಾ ಸರ್?”

ಸಂಪಾದಕನ ಮುಖ ಬಿಸಿಯಾಯಿತು. ಅವನು ಓದಿದ್ದು ಗುಡ್ಡದ ಕಾಲೇಜಿನಲ್ಲೇ. “ನಿಮ್ಮ ಹುಚ್ಚು ಊರಿಗೇ ಗೊತ್ತು, ನಿಮಗೊಬ್ಬರಿಗೆ ಗೊತ್ತಿಲ್ಲ” ಎಂದು ಹೆಂಡತಿ ನಗುತ್ತಿದ್ದಳು. ಮನೆಯಲ್ಲಿ ಅದು ತಮಾಷೆ. ಇಲ್ಲಿ ಅದಕ್ಕೆ ಪಕ್ಷಪಾತ ಅಂತ ಹೆಸರು.

“ನಿಮ್ಮ ಮಗಳು ಯಾವ ಕಾಲೇಜಿಗೆ ಆಡ್ತಾಳೆ?”

ಆತ ನಕ್ಕ. “ಹೇಳಿದ್ರೆ ಸ್ವಾರ್ಥಕ್ಕೆ ಬಂದ ಅಂತೀರಿ. ಎಲ್ಲಾ ಕಾಲೇಜಿಂದೂ ಹಾಕಿ ಸರ್. ತಾನಾಗಿ ಬರ್ತಾಳೆ.” ಆಮೇಲೆ ಕಡತ ಮಡಚುತ್ತ ಮೆಲ್ಲಗೆ ಹೇಳಿದ: “ಹನ್ನೆರಡು ವರ್ಷ ದೂರ ಇದ್ದೆ. ಅವಳು ಬೆಳೆದದ್ದನ್ನೇ ನಾನು ನೋಡ್ಲಿಲ್ಲ.”

ಹೊಟ್ಟೆಪಾಡಿಗೆ ಪರಸ್ಥಳದಲ್ಲಿದ್ದ ಬಡಪಾಯಿ ಅಂದುಕೊಂಡ ಸಂಪಾದಕ. ಅವನಿಗೂ ಒಬ್ಬಳು ಮಗಳಿದ್ದಳು.

ಮುಂದಿನ ಭಾನುವಾರದಿಂದಲೇ ಅಂಕಣ ಶುರುವಾಯಿತು. ವಾರಕ್ಕೊಂದು ಕಾಲೇಜು, ಅರ್ಧ ಪುಟ, ತಂಡದ ದೊಡ್ಡ ಫೋಟೊ, ಎಲ್ಲರ ಹೆಸರು. ಅಭ್ಯಾಸದ ಜಾಗ, ಹೊತ್ತು ಕೂಡ ಹಾಕಬೇಕೆಂದು ಸೂಚಿಸಿದ್ದು ಆತನೇ. “ಜನ ಹೋಗಿ ಚಪ್ಪಾಳೆ ತಟ್ಟಲಿ.” ಒಳ್ಳೆಯ ಯೋಚನೆ ಅನ್ನಿಸಿತು.

ಪ್ರತಿ ಭಾನುವಾರ ಬೆಳಿಗ್ಗೆ ಆತನ ಫೋನು ತಪ್ಪದೆ ಬರುತ್ತಿತ್ತು. “ಚೆನ್ನಾಗಿದೆ ಸರ್. ಮುಂದಿನ ವಾರ ಯಾವುದು?”

ಮೂರು ವಾರ ಸಲೀಸಾಗಿ ಕಳೆಯಿತು. ನಾಲ್ಕನೆಯದು ಹೊಳೆದಂಡೆಯ ಕಾಲೇಜು. ಅಲ್ಲಿನ ಕೋಚ್ ಮೇಡಂ ಹಟಮಾರಿ ಹೆಂಗಸು. ಫೋಟೊಗ್ರಾಫರನನ್ನು ಗೇಟಿನಿಂದಲೇ ವಾಪಸು ಕಳಿಸಿದ್ದಳು. ಸಂಪಾದಕ ತಾನೇ ಫೋನು ಮಾಡಿದ.

“ನಮ್ಮದು ಬೇಡ ಸರ್. ಸ್ಕೋರ್ ಹಾಕಿ, ಸಾಕು.”

“ಯಾಕೆ ಮೇಡಂ? ಆಮೇಲೆ ಪತ್ರಿಕೆಯವರು ನಮ್ಮನ್ನ ಕಡೆಗಣಿಸ್ತಾರೆ ಅನ್ನೋದು ನೀವೇ.”

“ನಾವು ಯಾವತ್ತೂ ಅಂದಿಲ್ಲ. ಕಾರಣ ಕೇಳ್ಬೇಡಿ. ಕೈ ಮುಗೀತೀನಿ, ಬೇಡ.”

ಫೋನು ಇಟ್ಟ ಮೇಲೂ ಅವನ ಸಿಟ್ಟು ಇಳಿಯಲಿಲ್ಲ. ಇವಳೊಬ್ಬಳ ಜಂಬಕ್ಕೆ ಹನ್ನೆರಡು ಹುಡುಗಿಯರು ಮೂಲೆಗುಂಪಾಗಬೇಕೇ? ಈ ವಾರ ಬಿಟ್ಟರೆ ಮತ್ತೆ ಅಳತೆಪಟ್ಟಿ ಮೇಜಿಗೆ ಬರುವುದಂತೂ ಖಂಡಿತ. ಅವನು ಪಂದ್ಯಾವಳಿಯ ಕಚೇರಿಯಿಂದ ಆಟಗಾರ್ತಿಯರ ಪಟ್ಟಿ, ಅಭ್ಯಾಸದ ವೇಳಾಪಟ್ಟಿ ಎರಡನ್ನೂ ತರಿಸಿದ. ಸೆಮಿಫೈನಲ್ ಗೆದ್ದಾಗ ಹುಡುಗಿಯರು ಸಾಲಾಗಿ ಹೆಗಲಿಗೆ ಕೈ ಹಾಕಿ ನಿಂತಿದ್ದ ಚಿತ್ರವೊಂದು ಹಳೆಯ ಫೋಟೊಗಳಲ್ಲಿ ಸಿಕ್ಕಿತು. ಒಬ್ಬಳು ಮಾತ್ರ ಮುಖ ಆಚೆ ತಿರುಗಿಸಲು ಹೊರಟು, ಅರ್ಧದಲ್ಲಿ ಕ್ಯಾಮೆರಾಗೆ ಸಿಕ್ಕಿಬಿದ್ದಿದ್ದಳು. ಏಳನೇ ನಂಬರು. ನಾಚಿಕೆಯ ಸ್ವಭಾವ ಇರಬೇಕು.

ಚಿತ್ರವನ್ನು ನಾಲ್ಕು ಕಾಲಮಿಗೆ ಹಿಗ್ಗಿಸಿದ. ಕೆಳಗೆ ತಾನೇ ಬರೆದ: ‘ಅಭ್ಯಾಸ ದಿನಾ ಬೆಳಿಗ್ಗೆ ಆರಕ್ಕೆ, ಕಾಲೇಜಿನ ಹಿಂದಿನ ಅಂಗಣದಲ್ಲಿ.’

ಭಾನುವಾರ ಫೋನು ಏಳು ಗಂಟೆಗೇ ಬಂತು. ಆ ಕಡೆ ಅಳು.

“ಸಿಕ್ಕಿದಳು ಸರ್. ಎಡಗಡೆಯಿಂದ ಮೂರನೆಯವಳು. ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ.”

ಎಡಗಡೆಯಿಂದ ಮೂರನೆಯವಳು ಏಳನೇ ನಂಬರು. ಸಂಪಾದಕನ ಕಣ್ಣೂ ಒದ್ದೆಯಾಯಿತು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವಾದರೂ ಸಾರ್ಥಕವಾಯಿತಲ್ಲ ಎಂದು ಹೆಂಡತಿಗೆ ಹೇಳಿಕೊಂಡ.

ಸೋಮವಾರ ಅವನು ಕಚೇರಿಗೆ ಬಂದಾಗ ಕೋಣೆಯಲ್ಲಿ ಇಬ್ಬರು ಕಾಯುತ್ತಿದ್ದರು. ಒಬ್ಬರು ಪೊಲೀಸ್ ಇನ್ಸ್‌ಪೆಕ್ಟರ್. ಇನ್ನೊಬ್ಬಳು ಕೋಚ್ ಮೇಡಂ. ಅನುಮತಿಯಿಲ್ಲದೆ ಹಾಕಿದ್ದಕ್ಕೆ ದೂರು ಕೊಟ್ಟಿದ್ದಾಳೆ ಅಂದುಕೊಂಡು ಅವನು ಮನಸ್ಸಲ್ಲೇ ಉತ್ತರ ಸಿದ್ಧ ಮಾಡಿಕೊಂಡ. ಅಷ್ಟರಲ್ಲಿ ಅವಳ ಅಂಗಿಯ ಮೇಲಿನ ಕಲೆಗಳು ಕಂಡವು. ಮಣ್ಣಲ್ಲ.

“ಏಳನೇ ನಂಬರಿನ ಹುಡುಗಿ,” ಎಂದರು ಇನ್ಸ್‌ಪೆಕ್ಟರ್. “ಎಲ್ಲರಿಗಿಂತ ಮುಂಚೆ ಬಂದು ಒಬ್ಬಳೇ ನೆಟ್ ಕಟ್ತಾ ಇದ್ದಳು. ಚೂರಿ. ಆಸ್ಪತ್ರೆ ಮುಟ್ಟೋ ಹೊತ್ತಿಗೆ ಮುಗಿದಿತ್ತು.”

ಸಂಪಾದಕ ಕುರ್ಚಿ ಎಳೆದುಕೊಂಡ. ಕೂತ ಮೇಲೆ ಅವನಿಗೆ ಮೊದಲು ನೆನಪಾದದ್ದು ಫೋನಿನಲ್ಲಿ ಕೇಳಿದ ಆ ಅಳು.

“ಅವಳ ಅಪ್ಪ... ಅವರಿಗೆ ತಿಳಿಸಿದ್ರಾ? ಪಾಪ, ನಿನ್ನೆ ತಾನೇ ಎಷ್ಟು ಸಂತೋಷಪಟ್ಟಿದ್ರು. ನನ್ನ ಹತ್ರ ನಂಬರ್ ಇದೆ, ಬೇಕಾದ್ರೆ ನಾನೇ ಹೇಳ್ತೀನಿ.”

ಮಾತಾಡಿದ್ದು ಕೋಚ್ ಮೇಡಂ. ಅವಳ ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ.

“ಅವನು ಠಾಣೆಯಲ್ಲೇ ಕೂತಿದಾನೆ, ಕೈ ಕೂಡ ತೊಳೆದಿಲ್ಲ. ಹೆಂಡತೀನ ಕೊಂದು ಹನ್ನೆರಡು ವರ್ಷ ಜೈಲಲ್ಲಿದ್ದ. ಆವತ್ತು ಕೋರ್ಟಲ್ಲಿ ಕೈ ತೋರಿಸಿ ‘ಇವನೇ’ ಅಂದ ಎಂಟು ವರ್ಷದ ಮಗು ಇವಳು. ಎಲ್ಲೋ ವಾಲಿಬಾಲ್ ಆಡ್ತಾಳೆ ಅನ್ನೋದಷ್ಟೇ ಅವನ ಕಿವಿಗೆ ಬಿದ್ದಿತ್ತು. ಹೆಸರು ಬದಲಾಯಿಸಿದ್ವಿ ಸರ್, ಮುಖ ಅವಳಮ್ಮಂದೇ.”