ಜೀವದಯೆ

ಇರುವೆ ಸಾಲು ಕಂಡರೂ ಸುತ್ತಿ ನಡೆಯುವ ಜೀವ ಪಾಯಪ್ಪನವರದು. ಬಾಳೆಗೆ ಸೊರಗು ರೋಗ ಬಿದ್ದು ಅರ್ಧ ತೋಟ ಬಾಡಿದರೂ ವಿಷ ಸುರಿಯಲು ಅವರಿಗೆ ಕೈ ಬರಲಿಲ್ಲ. ಬಸದಿಗೆ ಹೋಗಿ ಕೈಮುಗಿದು ಬಂದ ದಿನವೇ ಕೃಷಿ ಇಲಾಖೆಯ ಹುಡುಗಿ ಒಂದು ಪುಡಿಯ ಪೊಟ್ಟಣ ತಂದುಕೊಟ್ಟಳು.

“ಇದು ವಿಷ ಅಲ್ರೀ ಅಜ್ಜಾರ, ಬೆಳಿ ಕಾಯೋ ಬ್ಯಾಕ್ಟೀರಿಯಾ. ಕೋಟಿಗಟ್ಟಲೆ ಅದಾವ ಇದರಾಗ. ನೀರಿನಾಗ ಕಲಸಿ ಬುಡಕ್ಕ ಹಾಕ್ರಿ, ರೋಗ ನಿಲ್ತದ.”

“ಎಲ್ಲಾ ಜೀವಂತ ಅದಾವೇನವ್ವಾ?”

“ಹೂಂನ್ರೀ. ಜೀವ ಇದ್ರನ ಕೆಲಸ ಮಾಡ್ತಾವ.”

ಪಾಯಪ್ಪನವರು ಪೊಟ್ಟಣವನ್ನು ಕೂಸಿನಂತೆ ಎತ್ತಿಕೊಂಡರು.

ಮರುದಿನ ಬೆಳಗಿನ ಚಳಿಯಲ್ಲಿ ಅವಳು ಬರುವಷ್ಟರಲ್ಲಿ ಬುಡಗಳೆಲ್ಲ ಒದ್ದೆಯಾಗಿದ್ದವು.

“ಭಾಳ ಲಗೂನ ಮುಗಿಸೀರಲ್ರೀ!”

“ಮುಗಿಸಿದೆ ತಂಗಿ,” ಎಂದರು ಅವರು, ತೃಪ್ತಿಯಿಂದ. “ಇಂಥಾ ಥಂಡ್ಯಾಗ ಪಾಪ, ತಣ್ಣೀರಿಗೆ ಹ್ಯಾಂಗ ಹಾಕ್ಲಿ? ಹಂಡೇದಾಗಿನ ಕುದಿಯೋ ನೀರಿಗೇ ಹಾಕಿ ಕಲಸಿದೆ.”